ಸ್ಕಂಕ್ ಹಾಟ್‌ಲೈನ್

ಮೇ 12, ಮಂಗಳವಾರ, ಬೆಳಿಗ್ಗೆ 6:40

ಬಿನ್ ದಿನ. ಕಸದ ಬಿನ್ ರಸ್ತೆಗೆಳೆಯುವ ರಾಷ್ಟ್ರೀಯ ಕರ್ತವ್ಯ ಇವತ್ತೂ ಕೈತಪ್ಪಿತು. ಅಪ್ಪ ಮೊದಲೇ ಎಳೆದಾಗಿತ್ತು. ಎಳೆದು ಅಲ್ಲೇ ನಿಂತಿದ್ದರು. ಬಿನ್ ನೋಡ್ತಾ.

“ಏನಪ್ಪಾ, ಸ್ಕಂಕ್ ಬಂತಾ?” ಅಂದೆ.

ಮೊದಲಾಗಿದ್ದರೆ ನಗ್ತಿದ್ದರು.

“ಕಾಲೇಜಿಗೆ ಲೇಟಾಗಲ್ವೇನೋ?”

ಆಸ್ಟ್ರೇಲಿಯಾದಲ್ಲಿ ಸ್ಕಂಕ್, ಅಂದ್ರೆ ಬಾಲ ಎತ್ತಿ ನಾತ ಹಾರಿಸೋ ಪ್ರಾಣಿ, ಇಲ್ಲ. ಒಂದೂ ಇಲ್ಲ. ಜೂಂಡಲಪ್‌ನ ನಮ್ಮ ಮನೇಲಿ ಮಾತ್ರ ಒಂದಿತ್ತು — ಅಕ್ಕ ಹೋಗೋ ತನಕ.

ಮೇ 13

ದಾಖಲೆಗಾಗಿ ಬರೆದಿಡತಕ್ಕದ್ದು.

ನಾನು ಹುಟ್ಟೋ ಮುಂಚೆ. ಕೆನಡಾದ ಹ್ಯಾಲಿಫ್ಯಾಕ್ಸ್. ಅಪ್ಪ, ಅರ್ಥಾತ್ ಡಾಕ್ಟರ್ ಚಂದ್ರಮೌಳಿ, ಬೆಳಿಗ್ಗೆ ಬಿನ್ ಇಡೋಕೆ ಹೋದರು. ಬಿನ್ ಹಿಂದೆ ಸ್ಕಂಕ್. “ಹಚಾ, ಹಚಾ” ಅಂದರು. ಅದಕ್ಕೆ ಕನ್ನಡ ಬರಲ್ಲ. ಬಾಲ ಎತ್ತಿ ಅಭಿಷೇಕ ಮಾಡಿತು. ಟೊಮೇಟೊ ಜ್ಯೂಸ್ ಸುರಿಯಿರಿ, ವಾಸನೆ ಹೋಗುತ್ತೆ ಅಂತ ಪಕ್ಕದ ಮನೆಯಾಕೆ ಕೂಗಿದಳು. ಜ್ಯೂಸ್ ಎಲ್ಲಿಂದ ಬರಬೇಕು? ಒಲೆ ಮೇಲೆ ಟೊಮೇಟೊ ಸಾರಿತ್ತು. ಅಮ್ಮ ಅದನ್ನೇ ತಂದು, ಉಗುರುಬೆಚ್ಚಗೆ, ಇಂಗಿನ ಒಗ್ಗರಣೆ ಸಮೇತ, ತಲೆ ಮೇಲೆ ಸುರಿದಳು. ಆ ವಾರ ಅಪ್ಪನ ವಾರ್ಡಿನ ರೋಗಿಗಳೆಲ್ಲ ಬೇಗ ಬೇಗ ಹುಷಾರಾದರಂತೆ.

ಕಿಟಕಿಯಿಂದ ನೋಡಿದ್ದು ನಾಲ್ಕು ವರ್ಷದ ರಂಜನಿ ಅಕ್ಕ. ಹಾಗಾಗಿ ಕಥೆ ಹೇಳೋ ಹಕ್ಕು ಅವಳದ್ದೇ. ಸ್ಕಂಕ್, ಅಪ್ಪ, ಸಾರು — ಮೂರೂ ಪಾತ್ರ ಒಬ್ಬಳೇ ಮಾಡ್ತಿದ್ದಳು. ಅಪ್ಪನ ಕಿವಿ ಮೇಲೆ ಕರಿಬೇವು ಇತ್ತು ಅಂತ ಅವಳು. ಇರಲೇ ಇಲ್ಲ ಅಂತ ಅಪ್ಪ. ಪ್ರತಿ ಸಲ ಅದೇ ಜಗಳ, ಹೊಟ್ಟೆ ಹಿಡಿದು ನಗು.

ಫೆಬ್ರವರಿಯಲ್ಲಿ ಮೆಡಿಸಿನ್ ಬಿಟ್ಟು ಅಡಿಲೇಡ್‌ಗೆ ಹೋದಳು, ವೈನ್ ಮಾಡೋದು ಕಲಿಯೋಕೆ.

“ದ್ರಾಕ್ಷಿ ತುಳಿಯೋಕೆ ಹೋಗೋಳು ನಂಗೆ ಫೋನ್ ಮಾಡ್ಬೇಡ,” ಅಂದಿದ್ದರು ಅಪ್ಪ.

ಮಾಡಿಲ್ಲ. ಅಪ್ಪನ ಮಗಳೇ ತಾನೆ.

ಮೇ 16, ಶನಿವಾರ

ದೀರ್ಘ ಚಿಂತನೆಯ ನಂತರ ಜೂಂಡಲಪ್ ಸ್ಕಂಕ್ ನಿಗಾ ಸಮಿತಿ ಸ್ಥಾಪನೆಯಾಯಿತು. ಅಧ್ಯಕ್ಷ, ಕಾರ್ಯದರ್ಶಿ, ಪ್ರಿಂಟಿಂಗ್ — ನಾನು. ಅಪ್ಪ ವಾಕಿಂಗ್ ಹೋಗೋ ಕೆರೆ ಪಾರ್ಕಿನ ಕಂಬಕ್ಕೆ ನೋಟಿಸ್:

ಎಚ್ಚರಿಕೆ. ಇಲ್ಲಿ ಸ್ಕಂಕ್ ಕಂಡಿದೆ. ಗಾಬರಿಯಾಗಬೇಡಿ. ಯಾರ ಮೇಲೂ ಸಾರು ಸುರಿಯಬೇಡಿ. ಕಂಡವರು ಹಾಟ್‌ಲೈನ್‌ಗೆ ಫೋನ್ ಮಾಡಿ.

ಕೆಳಗೆ ಅಕ್ಕನ ನಂಬರ್.

ಸಾಕ್ಷ್ಯಕ್ಕಿರಲಿ ಅಂತ ಬೆಂಚಿನ ಕೆಳಗೆ ಇಂಗಿನ ನೀರು. ಎರಡು ನಾಯಿ ಬಂದು, ಮೂಸಿ, ಆಲೋಚಿಸಿ ಹೋದವು.

ಮೇ 19

ಯಾರೋ ನೋಟಿಸ್ ಫೋಟೋ ತೆಗೆದು ಇಲ್ಲಿನ ಕನ್ನಡದವರ ವಾಟ್ಸಾಪ್ ಗ್ರೂಪ್‌ಗೆ ಹಾಕಿದ್ದಾರೆ. ಬ್ರಿಸ್ಬೇನ್‌ನಿಂದ, ಕ್ಯಾಲಮ್‌ವೇಲ್ ಬಡಾವಣೆಯ ಪದ್ಮಾ ಆಂಟಿ: “ನಮ್ಮಲ್ಲೂ ಬಂದಿದೆ! ಬಿನ್ ಮೇಲೇ ಕೂತಿತ್ತು!” ಜೊತೆಗೆ ಫೋಟೋ. ಪಾಸಮ್, ಇಲ್ಲಿ ಎಲ್ಲರ ಮರದಲ್ಲೂ ಇರೋ ಮಾಮೂಲಿ ಪ್ರಾಣಿ. ಮೂರೇ ದಿನದಲ್ಲಿ ಇಡೀ ದೇಶ ದಾಟಿದ ಧೀರ ಸ್ಕಂಕ್.

ಊಟಕ್ಕೆ ಕೂತಾಗ ಅಪ್ಪ, “ಪಾರ್ಕಲ್ಲಿ ಯಾವನೋ ತಲೆಹರಟೆ ನೋಟಿಸ್ ಹಾಕಿದ್ದಾನೆ.” ನನ್ನ ಕಡೆ ನೋಡಲಿಲ್ಲ.

“ಕಿತ್ತು ಹಾಕ್ಬೇಕಿತ್ತು,” ಅಮ್ಮ.

“ನಂಗ್ಯಾಕೆ?”

ಸಾರು ಎರಡು ಸಲ ಹಾಕಿಸಿಕೊಂಡರು.

ಮೇ 27

ಅಕ್ಕನ ಫೋನ್.

“ಲೋ ಕೋತಿ ಕೌಸ್ತುಭ! ನನ್ನ ನಂಬರ್ ಹಾಕಿದೀಯಾ? ಒಬ್ಬಳು ಅಜ್ಜಿ, ನಾಯಿನ ಹೊರಗೆ ಬಿಡ್ಬಹುದಾ ಅಂತ. ಪದ್ಮಾ ಆಂಟಿ ಸ್ಕಂಕ್ ಬಿಟ್ಟು ನನ್ನ ಮದುವೆ ವಿಚಾರ್ಸಿದ್ರು. ಇನ್ನೊಬ್ಬ ಇದಾನೆ, ವಾರದಿಂದ, ಶನಿವಾರ ಭಾನುವಾರ ಬಿಟ್ಟು ದಿನಾ ಸಂಜೆ ಆರಕ್ಕೆ. ‘ಸ್ಕಂಕ್ ಹಾಟ್‌ಲೈನ್’ ಅಂತೀನಿ. ಮಾತೇ ಇಲ್ಲ, ಬರೀ ಉಸಿರು. ಆಮೇಲೆ ಕಟ್. ನೀನೇ ತಾನೆ?”

“ನಂಬರ್ ಏನು?”

“ನೋ ಕಾಲರ್ ಐಡಿ.”

ಆಸ್ಪತ್ರೆ ಫೋನಿಂದ ಅಪ್ಪ ಅಮ್ಮನಿಗೆ “ಲೇಟಾಗುತ್ತೆ” ಅಂತ ಮಾಡೋ ಕಾಲ್ ಕೂಡ ಹಾಗೇ ಬರೋದು. ಅಡಿಲೇಡ್‌ನಲ್ಲಿ ಆರು ಅಂದ್ರೆ ಇಲ್ಲಿ ನಾಲ್ಕೂವರೆ. ಅಪ್ಪನ ರೌಂಡ್ಸ್ ಮುಗಿಯೋ ಹೊತ್ತು.

“ನಾನಲ್ಲ ಕಣೇ.”

“ಆರು ಅಂದ್ರೆ ಅಲ್ಲಿ ನಾಲ್ಕೂವರೆ,” ಅಂತ ಅವಳೂ ಲೆಕ್ಕ ಹಾಕಿದಳು.

“ನಂಗೆ ಗೊತ್ತಾಯ್ತು ಅಂತ ಅಪ್ಪಂಗೆ ಹೇಳ್ಬೇಡ. ನಿಲ್ಲಿಸಿಬಿಡ್ತಾರೆ.”

ಮೇ 30

ಎರಡು ದಿನದಿಂದ ಮಳೆ. ನೋಟಿಸ್ ನೆನೆದಿರುತ್ತೆ ಅಂತ ಹೊಸದು ತಗೊಂಡು ಓಡಿದೆ. ಹಳೇದೇ ಇದೆ, ಒಣಗಿ ಗರಿಗರಿ. ಯಾರೋ ಪ್ಲಾಸ್ಟಿಕ್ ಕವರ್ ಹಾಕಿದ್ದಾರೆ. ನಾಲ್ಕೂ ಮೂಲೆಗೆ ಬಿಳಿ ಟೇಪ್, ನೀಟಾಗಿ. ಬ್ಯಾಂಡೇಜ್ ಟೇಪ್.

ಸಮಿತಿಯ ಅಧ್ಯಕ್ಷರು ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು... ಮಳೆ ನೀರು. ಮುಖ ಪೂರ್ತಿ ಮಳೆ ನೀರು.

ಜೂನ್ 7, ಭಾನುವಾರ, ಸಂಜೆ 4:30

ಪಾರ್ಕು. ಮರದ ಹಿಂದಿಂದಲೇ ಬರೀತಿದೀನಿ. ಅಕ್ಷರ ವಕ್ರ.

ಅಪ್ಪ ನೋಟಿಸ್ ಮುಂದೆ ನಿಂತಿದಾರೆ. ಕನ್ನಡಕ ಏರಿಸಿ ನಂಬರ್ ಓದೋ ನಾಟಕ. ಬಾಯಿಪಾಠ ಇದೆ ಅವರಿಗೆ. ಇವತ್ತು ರಜೆ, ಆಸ್ಪತ್ರೆ ಫೋನಿಲ್ಲ. ಸ್ವಂತ ಮೊಬೈಲ್ ತೆಗೆದರು. ಇದರಲ್ಲಾದ್ರೆ ಅಕ್ಕನಿಗೆ ಹೆಸರು ಕಾಣುತ್ತೆ. ಮತ್ತೆ ಜೇಬಿಗೆ ಹಾಕಿದರು. ತೆಗೆದರು. ಒತ್ತಿದರು! ಸ್ಪೀಕರ್ ಆನ್, ಎಂದಿನಂತೆ.

ಒಂದು ರಿಂಗ್. ಎರಡು. ಮೂರು.

“ಸ್ಕಂಕ್... ಹಾಟ್‌ಲೈನ್.”

ಅಪ್ಪ ಕೆಮ್ಮಿದರು. ಡಾಕ್ಟರ್ ಕೆಮ್ಮು.

“ಒಂದು... ರಿಪೋರ್ಟ್ ಕೊಡ್ಬೇಕಿತ್ತು.”

“ಹೇಳಿ.”

“ಕರಿಬೇವು ಇತ್ತು ಕಣಮ್ಮಾ. ಬಲಗಿವಿ ಮೇಲೆ.”

ಅವಳು ಹೊಟ್ಟೆ ಹಿಡಿದು ನಗೋದು ಮರದ ಹಿಂದಕ್ಕೂ ಕೇಳಿಸ್ತಿದೆ.