ರುದೈನಾಗೆ ಎತ್ತಿಟ್ಟ ದಾಳಿಂಬೆ ಬಣ್ಣ

ಅಕ್ಟೋಬರ್ ೯, ಗುರುವಾರ. ಇರ್ಬಿದ್, ಜೋರ್ಡಾನ್.

ನನ್ನ ಅಂಗಡಿಗೆ ಬಂದ ಶರತ್ಕಾಲದ ಹೊಸ ಉಗುರುಬಣ್ಣಗಳಲ್ಲಿ ಖರ್ಜೂರದ ಬಣ್ಣದ್ದು ಮೂರೇ ದಿನಕ್ಕೆ ಚಕ್ಕೆಯೇಳುತ್ತದೆ. ದಾಳಿಂಬೆಯದು ವಾರ ಕಳೆದರೂ ಗಟ್ಟಿ. ಅದನ್ನು ನನ್ನ ಖಾಯಂ ಗಿರಾಕಿ ರುದೈನಾಗೆಂದೇ ಎತ್ತಿಟ್ಟಿದ್ದೆ. ಬಣ್ಣದ ಉಗುರಿಗೆ ನಮಾಜಿಗೆ ಮುನ್ನ ಕೈಕಾಲು ತೊಳೆಯುವ ವುಜೂವಿನ ನೀರು ತಾಗದು. ಅದಕ್ಕೇ ನಮಾಜ್ ಇಲ್ಲದ ಮುಟ್ಟಿನ ದಿನಗಳಲ್ಲಷ್ಟೇ ಅವಳು ಹಚ್ಚಿಸಿಕೊಳ್ಳುವುದು. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿಲ್ಲ. ತಿಂಗಳು ತಿಂಗಳೂ ಮುಖ ಬಾಡಿಸಿಕೊಂಡು ಬಂದು ಕೈ ಚಾಚುತ್ತಾಳೆ.

ಇವತ್ತು ಬಂದಳು, ಹತ್ತು ದಿನ ತಡವಾಗಿ. ನಾನು ಶೀಶೆ ತೆರೆದೆ.

"ಮುಚ್ಚಿಡಕ್ಕ. ಬರೀ ಉಗುರು ಕತ್ತರ್ಸು."

"ಬಣ್ಣ ಬೇಡ್ವೇನೆ?"

"ಬೇಡ. ಊರಿಗೆಲ್ಲ ಡಂಗುರ ಹೊಡೀಬೇಡ ಮತ್ತೆ, ನಿನ್ನ ಬಾಯಿ ನಂಗೊತ್ತಿಲ್ವಾ."

ಶೀಶೆ ಮುಚ್ಚಿಟ್ಟು ಉಗುರು ಕತ್ತರಿ ಎತ್ತಿಕೊಂಡೆ. ಹತ್ತು ದಿನವೆಂದರೆ ಏನೂ ಅಲ್ಲ, ಗೊತ್ತು. ಆದರೂ ಬಣ್ಣ ಮಾರುವ ನಾನೇ ಬೇಡಿಕೊಂಡೆ: ಈ ಚಳಿಗಾಲವೆಲ್ಲ ಅವಳ ಉಗುರು ಬರಿದಾಗಿಯೇ ಇರಲಿ.