ಆರಿಸದ ಕೆಂಪು ದೀಪ

ಅಜ್ಜಂಪುರ
12-2-1983

ತರೀಕೆರೆಯ ಡಾಕ್ಟರಿಗೆ ಕರಿಬಸಮ್ಮನ ಶರಣು.

ನಮ್ಮ ಯಜಮಾನರಿಗೆ ಕಾಲುನೋವು ತಗ್ಗಿ ನಿದ್ದೆ ಬರಲೆಂದು ನೀವು ಕೊಟ್ಟಿದ್ದ ಶಾಖದ ದೀಪವನ್ನು ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸಿದ್ದೇನೆ. ಕೆಂಪು ಬಲ್ಬು ಒಡೆದಿಲ್ಲ, ನೋಡಿಕೊಳ್ಳಿ.

ಸಂಜೆ ಹದಿನೈದು ನಿಮಿಷ ಕಾಲಿಗೆ ಶಾಖ ಕೊಟ್ಟು ಆರಿಸಿ ಎಂದಿದ್ದಿರಿ. ಆವತ್ತು ದೀಪ ಹಾಕಿ, ಆರಿಸಲು ಅತ್ತೆಗೆ ಹೇಳಿ, ನಾನು ಹಾಲು ಕರೆಯಲು ಹೋದೆ. ಒಂದು ಗಂಟೆಯ ಮೇಲೆ ಬಂದರೆ ದೀಪ ಇನ್ನೂ ಉರಿಯುತ್ತಿತ್ತು.

"ಮುಸ್ಸಂಜೇಲಿ ಹಚ್ಚಿದ ದೀಪ ಯಾರಾದ್ರೂ ಆರಿಸ್ತಾರೇನೇ?" ಎಂದರು ಅತ್ತೆ. "ನೋಡು, ಎಷ್ಟು ಚೆನ್ನಾಗಿ ಮಲಗವ್ನೆ."

ನಿಜ, ಎರಡು ವರ್ಷದಲ್ಲಿ ಮೊದಲ ಸಲ ಗೊರಕೆ ಹೊಡೆಯುತ್ತಿದ್ದರು. ಸಕ್ಕರೆ ಕಾಯಿಲೆಯವರ ಕಾಲಿಗೆ ಸುಟ್ಟರೂ ತಿಳಿಯುವುದಿಲ್ಲವೆಂದು ನೀವು ಮೊದಲೇ ಹೇಳಬಹುದಿತ್ತು. ಸುಟ್ಟ ಗಾಯ ಕೊಳೆತು, ಹತ್ತೊಂಬತ್ತನೆಯ ದಿನ ತೀರಿಕೊಂಡರು.

ಅಂದಿನಿಂದ ಅತ್ತೆ ದೇವರ ಮುಂದೂ ದೀಪ ಹಚ್ಚುತ್ತಿಲ್ಲ. "ನನ್ನಿಂದ್ಲೇ ಹೋದ್ನೇನೇ?" ಎಂದು ದಿನವೂ ಕೇಳುತ್ತಾರೆ. ಸೋಮವಾರ ಅವರನ್ನು ನಿಮ್ಮಲ್ಲಿಗೆ ಕರೆತರುತ್ತೇನೆ. ಮಗ ಹೋದದ್ದು ಸಕ್ಕರೆ ಕಾಯಿಲೆಯಿಂದ, ದೀಪದಿಂದಲ್ಲ ಎಂದು ಹೇಳಿಬಿಡಿ. ನಾನು ಪಕ್ಕದಲ್ಲಿ ನಿಂತು ಹೌದು ಎನ್ನುತ್ತೇನೆ.

ಇಂತು,
ಕರಿಬಸಮ್ಮ