ಮಾರಾಟವಾಗದ ಮುಖ

ಶನಿವಾರ, ಬೆಳಿಗ್ಗೆ ಹತ್ತು ಗಂಟೆ

ನನ್ನ ಬಂಗಾರದಂಥ ಮಗಳೇ,

ಈ ಪತ್ರವನ್ನು ನಿನ್ನ ಕೈಗೆ ಕೊಟ್ಟವನು ನಮ್ಮ ಆಫೀಸಿನ ಫೋಟೋಗ್ರಾಫರ್. ಸದಾ ಮೂರು ಕಾಲಿನ ಸ್ಟ್ಯಾಂಡು ಹೊತ್ತು ತಿರುಗುವುದರಿಂದ ನಾವೆಲ್ಲ ಅವನನ್ನು ಮುಕ್ಕಾಲಿ ಎನ್ನುತ್ತೇವೆ. ಮೊದಲು ಅವನಿಗೊಂದು ಲೋಟ ನೀರು ಕೊಡು, ಏಳು ಗಂಟೆಗಳ ಕಾಲ ಬಸ್ಸಿನಲ್ಲಿ ಕೂತು ಬಂದಿದ್ದಾನೆ. ಇವನನ್ನು ಎಲ್ಲೋ ನೋಡಿದ್ದೇನೆ ಎಂದು ನಿನಗನ್ನಿಸಿದರೆ ನಿನ್ನ ನೆನಪು ಸರಿಯಾಗಿಯೇ ಇದೆ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ, ಆದರೆ ನನ್ನದು ಸುತ್ತಿ ಬಳಸಿ ಹೇಳುವ ಬಾಯಿ. ಎರಡು ವರ್ಷದಿಂದ ನಮ್ಮಿಬ್ಬರ ನಡುವೆ ಫೋನಿಲ್ಲ, ಭೇಟಿಯಿಲ್ಲ, ಅದು ನಾವೇ ಮಾಡಿಕೊಂಡ ಕಟ್ಟುಪಾಡು. ಅದನ್ನು ನಾನು ಮುರಿದಿಲ್ಲ. ಬಗ್ಗಿಸಿದ್ದೇನೆ.

ಮೊದಲು ಆಫೀಸಿನ ಸುದ್ದಿ. ನಾವು ಫೋಟೋ ಮಾರುವವರು ಎನ್ನುವುದು ನಿನಗೆ ಗೊತ್ತಿದ್ದದ್ದೇ. ಯಾರಿಗೋ ಹಲ್ಲುಪುಡಿಯ ಜಾಹೀರಾತಿಗೆ ನಗುವ ಹೆಂಗಸು ಬೇಕು, ಇನ್ಯಾರಿಗೋ ವಿಮೆಯ ಪುಸ್ತಕಕ್ಕೆ ಚಿಂತೆ ಮಾಡುವ ಮುದುಕ ಬೇಕು. ಅವರು ಕಂಪ್ಯೂಟರಿನಲ್ಲಿ ಪದ ಹೊಡೆಯುತ್ತಾರೆ, ನಮ್ಮ ಚಿತ್ರ ಎದ್ದು ಬರುತ್ತದೆ. ಆ ಪದಗಳನ್ನು ಚಿತ್ರಗಳಿಗೆ ಅಂಟಿಸುವವಳು ನಾನು, ಹತ್ತೊಂಬತ್ತು ವರ್ಷದಿಂದ. ಚಿಕ್ಕವಳಿದ್ದಾಗ ನೀನು, ನಮ್ಮಮ್ಮ ಫೋಟೋಗಳಿಗೆ ನಾಮಕರಣ ಮಾಡ್ತಾಳೆ ಅಂತ ಶಾಲೆಯಲ್ಲಿ ಹೇಳಿ ಬಂದಿದ್ದೆ. ಪದವಿಲ್ಲದ ಚಿತ್ರ ಇದ್ದೂ ಇಲ್ಲದ ಹಾಗೆ.

ರಸ್ತೆಯಾಚೆಯ ಕಟ್ಟಡದಲ್ಲಿ ನಮ್ಮದೇ ವ್ಯಾಪಾರ ಮಾಡುವ ಎದುರಿನವರು ಈ ವರ್ಷ ಹೆಸರು ಬದಲಾಯಿಸಿಕೊಂಡರು. ಹಳದಿ ಬಣ್ಣದ ಹೊಸ ಬೋರ್ಡು, ಅದರ ಮೇಲೆ ಬಾಗಿದ ಗೆರೆಯೊಂದು, ಅದು ಹುಬ್ಬಂತೆ. ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ಆ ಹುಬ್ಬಿನ ಕಡೆ ನಡೆದರು. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ, ನಾವು ಮಾರಿದ ಒಬ್ಬನೇ ಗಂಡಸಿನ ಫೋಟೋ ಒಂದೇ ವಾರದಲ್ಲಿ ಆಸ್ಪತ್ರೆಯೊಂದರ ಬೋರ್ಡಿನಲ್ಲಿ ಹೃದಯತಜ್ಞನಾಗಿಯೂ, ಅದರ ಪಕ್ಕದ ಗೋಡೆಯಲ್ಲಿ ಬೊಕ್ಕತಲೆಯ ಎಣ್ಣೆಯವನಾಗಿಯೂ ಕಾಣಿಸಿಕೊಂಡಿತು. ಊರೆಲ್ಲ ನಕ್ಕಿತು. ನಮ್ಮ ಏಜೆನ್ಸಿಯ ಯಜಮಾನಿ ಮೂರು ದಿನ ಕೋಣೆಯ ಬಾಗಿಲು ಹಾಕಿಕೊಂಡು ಯಾರ್ಯಾರಿಗೋ ಫೋನು ಮಾಡುತ್ತಲೇ ಇದ್ದಳು.

ನಾಲ್ಕನೆಯ ದಿನ ಒಬ್ಬನನ್ನು ಕರೆತಂದಳು. ಕಂಪನಿಗಳಿಗೆ ಹೆಸರು, ಬಣ್ಣ, ಮುಖ ಆರಿಸಿ ಕೊಡುವುದು ಅವನ ಕಸುಬು. ನಾನು ಅವನಿಗೆ ಬಣ್ಣದಪ್ಪ ಎಂದು ಹೆಸರಿಟ್ಟೆ. ಎದುರಿನವರ ಹುಬ್ಬು ಬರೆದವನೂ ಅವನೇ, ಇಂದಿಗೂ ಮಧ್ಯಾಹ್ನದ ಊಟ ಅವರ ಜೊತೆಗೇ. ಹದಿನೈದು ದಿನ ಗೋಡೆಯ ತುಂಬ ಬಣ್ಣದ ಚೀಟಿ ಅಂಟಿಸಿ ಕೊನೆಗೆ ನಮ್ಮ ಏಜೆನ್ಸಿಗೆ ‘ಇದ್ದಹಾಗೆ’ ಎಂದು ಹೆಸರಿಟ್ಟ. ಮಾಡೆಲ್‌ಗಳಿಲ್ಲ, ಬಣ್ಣ ಬಳಿದ ನಗುವಿಲ್ಲ, ಮನುಷ್ಯರು ಇದ್ದಹಾಗೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂದು ನಾನು ಗೊಣಗಿದೆ. ಎಲ್ಲರೂ ನಕ್ಕರು. ಆಗ ನಾನೂ ನಕ್ಕಿದ್ದೆ ಮಗಳೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಹೋದ ವರ್ಷ ಮುಕ್ಕಾಲಿ ಸಣ್ಣಪುಟ್ಟ ಕಸುಬಿನವರ ಫೋಟೋ ತೆಗೆಯಲು ನಿನ್ನ ಊರಿನ ಕಡೆ ಹೊರಟಿದ್ದ. ಅಲ್ಲೊಂದು ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿ ಇದೆ, ಅಲ್ಲಿಗೂ ಹೋಗು, ಅಲ್ಲಿ ನನಗೆ ಬೇಕಾದವಳೊಬ್ಬಳಿದ್ದಾಳೆ, ಅವಳಿಗೆ ನನ್ನ ಸುದ್ದಿ ಎತ್ತಬೇಡ ಎಂದು ನಾನೇ ಅವನಿಗೆ ಹೇಳಿದೆ. ನಿನ್ನ ಮುಖ ನೋಡದೆ ಹತ್ತು ತಿಂಗಳಾಗಿತ್ತು. ಬೇರೆ ಕಾರಣವಿಲ್ಲ. ತಾಯಿ ಎನ್ನುವುದೂ ಒಂದು ಹಸಿವು, ಅದಕ್ಕೆ ಬುದ್ಧಿಯಿಲ್ಲ.

ಆ ಅಂಗಡಿಯಲ್ಲಿ ಕೆಲಸ ಮಾಡುವ ನೀವು ಐದೂ ಜನ ಅವನು ಕೊಟ್ಟ ಒಪ್ಪಿಗೆ ಚೀಟಿಗೆ ಸಹಿ ಹಾಕಿದಿರಿ. ನೀನು ಹೊಸ ಹೆಸರಿನಲ್ಲಿ ಹಾಕಿದೆ, ಜಾಣೆ. ಆದರೆ ಮುಖಕ್ಕೆ ಹೊಸ ಹೆಸರಿಲ್ಲ. ಮುಕ್ಕಾಲಿ ಎಂದಿನಂತೆ ಎಲ್ಲ ಚಿತ್ರಗಳನ್ನೂ ಏಜೆನ್ಸಿಗೆ ಏರಿಸಿಬಿಟ್ಟ. ನಿನ್ನ ಚಿತ್ರ ನನ್ನ ಪರದೆಯ ಮೇಲೆ ಬಂದಾಗ ನಾನು ಎರಡೂ ಕೈ ಬಾಯಿಗೆ ಒತ್ತಿಕೊಂಡೆ. ಹಲ್ಲಿನಲ್ಲಿ ದಾರ ಕಚ್ಚಿಕೊಂಡು, ಕೈಯಲ್ಲಿ ಸೂಜಿ ಹಿಡಿದು, ಮುಕ್ಕಾಲಿಯ ಯಾವುದೋ ಕೆಟ್ಟ ಜೋಕಿಗೆ ನೀನು ತಲೆಯೆತ್ತಿ ನಗುತ್ತಿದ್ದೆ. ಮಡಚಲಾಗದ ಆ ಕಿರುಬೆರಳು ದಾರದ ಪಕ್ಕದಲ್ಲಿ ನೆಟ್ಟಗೆ ನಿಂತಿತ್ತು. ಹಿಂದೆ ಕಿಟಕಿ, ಕಿಟಕಿಯಾಚೆ ಒಂದು ಬೋರ್ಡು, ಅದರಲ್ಲಿ ನಿನ್ನ ಊರಿನ ಹೆಸರಿನ ಮೂರು ಅಕ್ಷರ.

ಆ ಬೆರಳು ಹಾಗಾದದ್ದು ಹೇಗೆಂದು ಒಬ್ಬನಿಗೆ ಗೊತ್ತು, ಅದರ ಮೇಲೆ ಬಾಗಿಲು ತಳ್ಳಿದವನು ಅವನೇ. ನಿನ್ನ ಗಂಡ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಅವನು ಇಂದಿಗೂ ಎದುರಿನವರ ಆಫೀಸಿನಲ್ಲಿ ಅದೇ ಕೆಲಸದಲ್ಲಿದ್ದಾನೆ. ದಿನಾ ಬೆಳಿಗ್ಗೆ ನಮ್ಮ ಏಜೆನ್ಸಿಗೆ ಯಾವ ಹೊಸ ಚಿತ್ರ ಬಂತು, ಯಾವ ಮುಖ ಓಡುತ್ತಿದೆ ಎಂದು ಪದ ಹೊಡೆದು ಹುಡುಕಿ ವರದಿ ಮಾಡುವುದು. ನೀನು ಅವನನ್ನು ಬಿಟ್ಟುಹೋದ ವಾರದಲ್ಲಿ ಅವನು ರಸ್ತೆಯಲ್ಲಿ ನನ್ನನ್ನು ನಿಲ್ಲಿಸಿ, ಮೆತ್ತಗೆ ಹೇಳಿದ್ದ: ನೋಡೋದೇ ನನ್ನ ಕೆಲ್ಸ ಅತ್ತೆ, ಎಲ್ಲಿದ್ರೂ ಒಂದಿನ ಕಣ್ಣಿಗೆ ಬೀಳ್ತಾಳೆ. ಅವನು ಕೂಗಾಡುವವನಾಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಅಂಥವನ ಹತ್ತಿರ ಹೊಂದಿಕೊಂಡು ಹೋಗು ಎಂದು ಎರಡು ಸಲ ನಿನ್ನನ್ನು ವಾಪಸು ಕಳಿಸಿದವಳು ನಾನು. ಇದನ್ನು ನಿನ್ನೆದುರು ಯಾವತ್ತೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ನನ್ನ ತಪ್ಪು.

ಆ ಚಿತ್ರವನ್ನು ಅಂದೇ ಅಳಿಸಬಹುದಿತ್ತು. ಚಿತ್ರ ಅಲುಗಾಡಿದೆ ಎಂದು ಒಂದು ಗೆರೆ ಬರೆದಿದ್ದರೆ ಸಾಕಿತ್ತು, ಮೊದಲ ವಾರದಲ್ಲಿ ಯಾರೂ ಕೇಳುವುದಿಲ್ಲ. ನಾನು ಅಳಿಸಲಿಲ್ಲ. ಹೂತಿಟ್ಟೆ. ಹೆಂಗಸು, ನಗು, ಪುಸ್ತಕ, ದಾರ ಎಂದು ಬರೆಯಬೇಕಾದ ಕಡೆ ಚರಂಡಿ ಮುಚ್ಚಳ, ತುಕ್ಕು, ಒಡೆದ ಪೈಪು ಎಂದು ಬರೆದೆ. ಚರಂಡಿ ಮುಚ್ಚಳದ ಫೋಟೋ ಯಾರು ಕೇಳುತ್ತಾರೆ ಹೇಳು! ಹದಿನಾಲ್ಕು ತಿಂಗಳು, ಪ್ರತಿ ದಿನ ಕೆಲಸಕ್ಕೆ ಕೂತ ತಕ್ಷಣ ಚರಂಡಿ ಮುಚ್ಚಳ ಎಂದು ಹೊಡೆದು ನಿನ್ನ ನಗು ನೋಡುತ್ತಿದ್ದೆ. ಆಮೇಲೆಯೇ ನನ್ನ ಚಹಾ.

ಹೋದ ಬುಧವಾರ ಬಣ್ಣದಪ್ಪ ಹೊಸ ಹೆಸರಿಗೊಂದು ಮುಖ ಬೇಕೆಂದ. ನೂರಾರು ಊರುಗಳ ಗೋಡೆ, ಪತ್ರಿಕೆ, ಬಸ್ಸಿನ ಬೆನ್ನು, ಎಲ್ಲ ಕಡೆ ಒಂದೇ ಮುಖ. ಹೃದಯತಜ್ಞನ ಅವಮಾನ ಇನ್ನೊಮ್ಮೆ ಆಗಬಾರದು ನೋಡು, ಅದಕ್ಕೆ ಒಂದು ಷರತ್ತು: ಹಳಸಲು ಮುಖ ಬೇಡ, ಇದುವರೆಗೆ ಒಂದು ಸಲವೂ ಮಾರಾಟ ಆಗಿರ್ಬಾರ್ದು, ಯಾರೂ ತೆರೆದೂ ನೋಡಿರ್ಬಾರ್ದು ಅಂದ. ಕಂಪ್ಯೂಟರಿಗೆ ಹಾಗೆಯೇ ಹೇಳಿದರು. ಪದ ಯಾರೂ ಕೇಳಲಿಲ್ಲ ಮಗಳೇ, ಮಾರಾಟದ ಲೆಕ್ಕವನ್ನಷ್ಟೇ ಕೇಳಿದರು. ಹೊರಗಿನ ಒಬ್ಬನೂ ತೆರೆಯದ ಹನ್ನೊಂದು ಮುಖಗಳು ಬಂದವು. ಹತ್ತು ಮಸುಕು. ಹನ್ನೊಂದನೆಯದು ನೀನು. ಯಾರ ಕಣ್ಣಿಗೂ ಬೀಳಬಾರದೆಂದು ನಾನು ಪಟ್ಟ ಪಾಡೇ ನಿನ್ನನ್ನು ಹಿಡಿದು ಅವರ ಮುಂದೆ ನಿಲ್ಲಿಸಿತು.

ಗೋಡೆಯ ಮೇಲೆ ಎಂಟು ಅಡಿ ಎತ್ತರಕ್ಕೆ ನಿನ್ನನ್ನು ತೋರಿಸಿದಾಗ ನಾನು ಕುರ್ಚಿ ಬಿಟ್ಟು ಎದ್ದೆ. ಬಾಯಿ ತಾನಾಗಿ ಓಡಿತು. ಈ ಹುಡುಗಿ ಲಕ್ಷಣವಾಗಿಲ್ಲ ಅಂದೆ. ಹಲ್ಲು ವಕ್ರ, ಮೂಗು ದಪ್ಪ, ಬೆರಳು ಸೊಟ್ಟ, ಕಣ್ಣಲ್ಲಿ ಕಳೆಯಿಲ್ಲ ಅಂದೆ. ಹೆತ್ತ ಮಗಳನ್ನು ಹಾಗೆ ಹಳಿದ ತಾಯಿ ಇನ್ನೊಬ್ಬಳಿರಲಾರಳು. ನಾನು ಒಂದೊಂದು ಊನ ತೋರಿಸಿದ ಹಾಗೂ ಬಣ್ಣದಪ್ಪನ ಮುಖ ಅರಳುತ್ತಾ ಹೋಯಿತು. ಅದೇ ರೀ, ಅದೇ ಬೇಕು, ಆ ಬೆರಳು ನೋಡಿ, ಯಾವ ಮಾಡೆಲ್ಲೂ ಹಾಗೆ ಹಿಡಿಯಲ್ಲ ಅಂದ. ಸೋಮವಾರ ಅಚ್ಚಿಗೆ ಕಳಿಸುವುದು ಎಂದು ನಿಶ್ಚಯವಾಯಿತು.

ಎರಡು ದಿನ ದಾರಿ ಹುಡುಕಿದೆ. ಒಪ್ಪಿಗೆ ವಾಪಸು ಪಡೆಯುವ ಹಕ್ಕು ನಿನಗುಂಟು, ಆದರೆ ಹಾಗೆ ಪಡೆದ ಚಿತ್ರದ ಸುದ್ದಿಯನ್ನು ಎಲ್ಲ ಏಜೆನ್ಸಿಗಳಿಗೂ ಚಿತ್ರ ಸಮೇತ ಕಳಿಸಬೇಕೆನ್ನುವುದು ಈ ವ್ಯಾಪಾರದ ನಿಯಮ. ಎದುರಿನವರಲ್ಲಿ ಆ ಕಾಗದ ತೆರೆಯುವವನು ಬಾಗಿಲು ತಳ್ಳಿದ ಅವನೇ. ಯಜಮಾನಿಗೆ ನಿಜ ಹೇಳೋಣವೆಂದರೆ, ಅವಳು ಬಣ್ಣದಪ್ಪನಿಗೆ ಹೇಳದೆ ಇರುವವಳಲ್ಲ. ಆರು ಕಿವಿಗೆ ಬಿದ್ದರೆ ಗುಟ್ಟು ರಟ್ಟು, ನೀನು ಪುಸ್ತಕಕ್ಕೆ ಹಾಕುವ ರಟ್ಟಲ್ಲ. ಹಾಗಾಗಿ ನಿನ್ನೆ ಬೆಳಿಗ್ಗೆ ಯಜಮಾನಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಸುಳ್ಳು ಹೇಳಿದೆ. ಆ ಒಪ್ಪಿಗೆ ಚೀಟಿಯ ಸಹಿ ಕಳ್ಳಸಹಿ, ಹಾಕಿದವಳು ನಾನೇ, ಮುಕ್ಕಾಲಿಗೂ ಗೊತ್ತಿಲ್ಲ ಎಂದೆ.

ಅವಳು ಎದ್ದು ಬಾಗಿಲಿನ ಚಿಲಕ ಹಾಕಿದಳು. ‘ಇದ್ದಹಾಗೆ’ ಎಂದು ಹೆಸರಿಟ್ಟುಕೊಂಡ ಕಂಪನಿಯ ಮೊದಲ ಮುಖವೇ ಕಳ್ಳಸಹಿಯದ್ದು ಎಂದು ಎದುರಿನವರಿಗೆ ತಿಳಿದರೆ ಅಂಗಡಿ ಮುಚ್ಚಿದ ಹಾಗೆಯೇ. ಹೊರಗೆ ಒಂದು ಮಾತೂ ಹೋಗಬಾರದೆಂದು ನನ್ನಿಂದಲೇ ಮಾತು ತೆಗೆದುಕೊಂಡಳು. ನನ್ನೆದುರೇ ಚಿತ್ರವನ್ನೂ ನಕಲುಗಳನ್ನೂ ಅಳಿಸಿಸಿದಳು, ಅಚ್ಚಿನವರಿಗೆ ಮುದುಕನೊಬ್ಬನ ಫೋಟೋ ಕಳಿಸಿದಳು. ಆಮೇಲೆ, ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ ಕಣ್ರೀ ಅಂದಳು. ಅದು ಮಾತ್ರ ಚುಚ್ಚಿತು. ನನ್ನ ಕಪ್ಪು, ಕನ್ನಡಕದ ಡಬ್ಬಿ, ಬೆನ್ನಿಗಿಡುವ ದಿಂಬು ಒಂದು ಚೀಲದಲ್ಲಿ ತುಂಬಿಕೊಂಡು ಬಂದೆ.

ಆದ್ದರಿಂದ ಹೆದರಬೇಡ. ಚಿತ್ರ ಇನ್ನಿಲ್ಲ. ಎರಡು ದಿನ ಗೋಡೆಯ ಮೇಲಿದ್ದದ್ದನ್ನು ಆಫೀಸಿನವರು ಬಿಟ್ಟು ಬೇರೆ ಯಾರೂ ನೋಡಿಲ್ಲ ಎಂದುಕೊಂಡಿದ್ದೇನೆ. ಎಚ್ಚರಿಕೆಗೆ ನಿನ್ನ ಮಣೆಯನ್ನು ಕಿಟಕಿಯಿಂದ ಒಳಗೆ ಎಳೆದುಕೋ. ನನ್ನ ಹೊಟ್ಟೆಪಾಡಿನ ಯೋಚನೆ ಬೇಡ, ಇನ್ನೊಂದು ಕಡೆ ಕೆಲಸ ಕೇಳಿದ್ದೇನೆ, ಇವತ್ತು ಮಧ್ಯಾಹ್ನ ಬರಹೇಳಿದ್ದಾರೆ. ಎಲ್ಲಿ ಎಂದು ಈಗ ಹೇಳುವುದಿಲ್ಲ, ನೀನು ಬೈಯುತ್ತೀಯ. ಇವತ್ತು ಬೆಳಿಗ್ಗೆ ನಿನ್ನ ಮುಖ ನೋಡದೆ ಚಹಾ ಕುಡಿದೆ. ರುಚಿಸಲಿಲ್ಲ, ಆದರೂ ಕುಡಿದೆ.

ಮುಕ್ಕಾಲಿಯ ಕೈಯಲ್ಲಿ ಚೆನ್ನಾಗಿದ್ದೇನೆ ಎಂದು ಒಂದೇ ಸಾಲು ಬರೆದು ಕಳಿಸು. ಸಹಿ ಬೇಡ.

ನಿನ್ನನ್ನು ಹೆತ್ತವಳು, ಹಳಿದವಳು, ದಿನಾ ನೆನೆಯುವವಳು,
ಅಮ್ಮ

ಮರೆತ ಮಾತು, ಸಂಜೆ ಐದು ಗಂಟೆ: ಪತ್ರ ಮಡಚಿಟ್ಟು ಹೋಗಿ ಬಂದೆ. ಕೆಲಸ ಕೇಳಿದ್ದು ಎದುರಿನವರಲ್ಲಿ. ಅವನು ಏನು ಹುಡುಕುತ್ತಾನೆ ಎನ್ನುವುದು ನನ್ನ ಕಣ್ಣೆದುರು ಇರಲಿ ಎನ್ನುವುದಷ್ಟೇ ನನ್ನ ಉದ್ದೇಶವಾಗಿತ್ತು. ನನ್ನನ್ನು ಪರೀಕ್ಷೆ ಮಾಡಲು ಕೂತವನು ಅವನೇ. ಕುರ್ಚಿ ಎಳೆದು ಕೊಟ್ಟ, ಆರೋಗ್ಯ ವಿಚಾರಿಸಿದ, ನಿನ್ನ ಸುದ್ದಿ ಒಂದೂ ಕೇಳಲಿಲ್ಲ. ಆಮೇಲೆ ಒಂದು ಚಿತ್ರವನ್ನು ಬಾಯಲ್ಲೇ ವರ್ಣಿಸಿದ: ಒಬ್ಬ ಹೆಂಗಸು ಅತ್ತೆ, ಹಲ್ಲಲ್ಲಿ ದಾರ, ಪುಸ್ತಕ ಹೊಲೀತಿದಾಳೆ, ಒಂದು ಬೆರಳು ಮಡಚಲ್ಲ, ಇದಕ್ಕೆ ನೀವು ಯಾವ ಪದ ಹಾಕ್ತೀರಿ? ಬಣ್ಣದಪ್ಪನ ಊಟದ ಮಾತಿರಬೇಕು, ಚಿತ್ರವನ್ನೇ ನೋಡಿದ್ದಾನೋ ಕೇಳಿದ್ದಾನೋ ಗೊತ್ತಿಲ್ಲ. ಬೋರ್ಡಿನ ಮೂರು ಅಕ್ಷರ ಅವನಿಗೆ ತಲುಪಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ. ದರ್ಜಿ ಎನ್ನುವ ಪದ ಹಾಕುತ್ತೇನೆ ಅಂದೆ. ಅವನು ನಕ್ಕು, ಸೋಮವಾರದಿಂದ ಬನ್ನಿ, ನನ್ನ ಎದುರಿನ ಮೇಜೇ ನಿಮ್ಮದು ಅಂದ. ಒಪ್ಪಿಕೊಂಡಿದ್ದೇನೆ. ಬೇಡವೆಂದರೆ ಅವನಿಗೆ ಅನುಮಾನ ಗಟ್ಟಿಯಾಗುತ್ತದೆ, ಹೋದರೆ ಒಂದೆರಡು ದಿನವಾದರೂ ಅವನು ಅಲ್ಲಿಯೇ ಕೂತಿರುತ್ತಾನೆ. ಮೇಲೆ ಬರೆದ ಹೆದರಬೇಡ ಎನ್ನುವ ಮಾತನ್ನು ಹೊಡೆದುಹಾಕು. ಮುಕ್ಕಾಲಿ ನೀರು ಕುಡಿದ ಮೇಲೆ ಅವನ ಜೊತೆಗೇ ಹೊರಡು, ಅವನು ನಿನ್ನನ್ನು ಯಾವುದಾದರೂ ಬಸ್ಸು ಹತ್ತಿಸುತ್ತಾನೆ. ಎಲ್ಲಿಗೆ ಹೋದೆ ಎಂದು ನನಗೆ ತಿಳಿಸಬೇಡ, ಒಂದು ಸಾಲೂ ಬರೆಯಬೇಡ. ದಿನಕ್ಕೆ ಎಂಟು ಗಂಟೆ ಎದುರಿನ ಮೇಜಿನಿಂದ ಅವನು ನನ್ನ ಮುಖ ನೋಡುತ್ತಿರುತ್ತಾನೆ.